ಇನ್ನೂರು ಆಸನಗಳ ಇಂದ್ರಜಾಲ

ಪ್ಯಾರಿಸ್ಸಿನ ಪಾಲೆ ರೊಯಾಲ್ ಹಳೆಯ ಅರಮನೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅದರ ಮೊಗಸಾಲೆಗಳಲ್ಲಿ ಅಂಗಡಿಗಳೂ ಕೆಫೆಗಳೂ ತುಂಬಿಕೊಂಡಿದ್ದವು. ಅಲ್ಲಿನ ಒಂದು ಮಹಡಿಯಲ್ಲಿ 1845ರ ಜುಲೈ 3ರಂದು ಪುಟ್ಟ ರಂಗಮಂದಿರವೊಂದು ಶುರುವಾಯಿತು. ಅಲ್ಲಿ ಸುಮಾರು 200 ಜನ ಕೂರಬಹುದಿತ್ತು. ವೇದಿಕೆಯನ್ನು ಸಿರಿವಂತರ ಮನೆಯ ದಿವಾನಖಾನೆಯ ಹಾಗೆ ಬಿಳಿ ಮತ್ತು ಹೊಂಬಣ್ಣದಲ್ಲಿ ಸಿಂಗರಿಸಿದ್ದರು. ಔತಣಕ್ಕೆ ಹೊರಟವನಂತೆ ಕರಿ ಸೂಟು ತೊಟ್ಟು ಅದರ ಮೇಲೆ ಬಂದು ನಿಂತವನು 39 ವರ್ಷದ ಗಡಿಯಾರದ ಕುಶಲಕರ್ಮಿ ರಾಬರ್ಟ್ ಹೂಡಿನ್.

ಪ್ಯಾರಿಸ್ಸಿಗೆ ಜಾದೂ ಹೊಸದಲ್ಲ. ಜಾತ್ರೆಗಳಲ್ಲಿ, ಬೀದಿಗಳಲ್ಲಿ ಕಣ್ಕಟ್ಟು ತೋರಿಸುವವರು ಬೇಕಾದಷ್ಟಿದ್ದರು. ಲೂಯಿ ಕೋಮ್ತ್ ಎಂಬಾತ ಸ್ವಂತ ರಂಗಮಂದಿರವನ್ನೇ ನಡೆಸುತ್ತಿದ್ದ. ಆದರೆ ಆ ಕಾಲದ ಜಾದೂಗಾರರ ವೇದಿಕೆಯ ಮೇಲೆ ಮೇಜುಗಳಿಗೆ ನೆಲಮುಟ್ಟುವ ಬಟ್ಟೆ ಹೊದಿಸುವ ರೂಢಿಯಿತ್ತು. ಒಳಗೆ ಸಹಾಯಕನೊಬ್ಬ ಅವಿತು ಕೂತಿರುತ್ತಾನೆಂಬುದು ನೋಡುವವರಿಗೂ ಗೊತ್ತಿದ್ದ ಸಂಗತಿ. ಹೂಡಿನ್ ಆ ಬಟ್ಟೆಯನ್ನೇ ತೆಗೆದುಹಾಕಿದ. ಮೇಜಿನ ತೆಳ್ಳನೆಯ ಕಾಲುಗಳ ನಡುವೆ ಹಿಂದಿನ ಗೋಡೆ ಕಾಣುವಂತಿತ್ತು. ಇಷ್ಟು ಚಿಕ್ಕ ಕೋಣೆಯಲ್ಲಿ ಹಳೆಯ ಮರೆಗಳು ನಡೆಯುವಂತಿರಲಿಲ್ಲ. ಅಡಗಿಸುವುದಿದ್ದರೆ ಕಣ್ಣೆದುರೇ ಅಡಗಿಸಬೇಕಿತ್ತು. ಇಂದು ನಾವು ಕಾಣುವ ಜಾದೂ ಪ್ರದರ್ಶನದ ಶಿಸ್ತು ಹುಟ್ಟಿದ್ದು ಇಂಥ ಇಕ್ಕಟ್ಟಿನಲ್ಲಿಯೇ.

ಹೂಡಿನ್ ಹುಟ್ಟಿದ್ದು 1805ರಲ್ಲಿ, ಬ್ಲೋಆ ಎಂಬ ಊರಿನಲ್ಲಿ. ಅಪ್ಪನೂ ಗಡಿಯಾರ ಮಾಡುವವನೇ. ಗಡಿಯಾರದ ಕಸುಬಿನ ಪುಸ್ತಕ ತರಲು ಅಂಗಡಿಗೆ ಹೋದಾಗ ಅಂಗಡಿಯವನು ತಪ್ಪಾಗಿ ಜಾದೂ ವಿವರಗಳಿದ್ದ ಸಂಪುಟಗಳನ್ನು ಕಟ್ಟಿಕೊಟ್ಟನೆಂದೂ, ಅಲ್ಲಿಂದಲೇ ತನಗೆ ಈ ಹುಚ್ಚು ಹಿಡಿಯಿತೆಂದೂ ಆತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆ ಪುಸ್ತಕದ ಎಲ್ಲ ಕಥೆಗಳನ್ನೂ ಇತಿಹಾಸಕಾರರು ನಂಬುವುದಿಲ್ಲ. ಆತನ ಯಂತ್ರಕೌಶಲದ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. 1844ರ ಪ್ಯಾರಿಸ್ ಕೈಗಾರಿಕಾ ಪ್ರದರ್ಶನದಲ್ಲಿ ಆತ ತಂದಿಟ್ಟ, ಬರೆಯುವ ಮತ್ತು ಚಿತ್ರ ಬಿಡಿಸುವ ಯಂತ್ರಬೊಂಬೆಯನ್ನು ದೊರೆ ಲೂಯಿ ಫಿಲಿಪ್ ನಿಂತು ನೋಡಿದ್ದ.

ಆ ಕೌಶಲವೆಲ್ಲ ರಂಗಕ್ಕೆ ಬಂದದ್ದು ಕಿತ್ತಳೆ ಗಿಡದ ಆಟದಲ್ಲಿ. ಪ್ರೇಕ್ಷಕರಲ್ಲಿ ಒಬ್ಬ ಮಹಿಳೆಯಿಂದ ಕರವಸ್ತ್ರ ಪಡೆದು ಆತ ಅದನ್ನು ಮಾಯ ಮಾಡುತ್ತಿದ್ದ. ಮೇಜಿನ ಮೇಲಿನ ಕುಂಡದಲ್ಲಿ ಬರೀ ಎಲೆಗಳ ಗಿಡ. ನೋಡನೋಡುತ್ತ ಅದರಲ್ಲಿ ಹೂ ಅರಳುತ್ತಿತ್ತು, ಬಳಿಕ ಹಣ್ಣು ಬಿಡುತ್ತಿತ್ತು. ಹಣ್ಣುಗಳನ್ನು ಕಿತ್ತು ಸಭೆಗೆ ಹಂಚಿದರೆ ಅವು ನಿಜವಾದ ಕಿತ್ತಳೆಗಳೇ! ಉಳಿದ ಒಂದೇ ಹಣ್ಣು ಗಿಡದ ಮೇಲೆಯೇ ಬಿರಿದು, ಒಳಗಿನಿಂದ ಎರಡು ಚಿಟ್ಟೆಗಳು ಆ ಕರವಸ್ತ್ರವನ್ನು ಅಂಚು ಹಿಡಿದು ಮೇಲೆತ್ತುತ್ತಿದ್ದವು. ಗಿಡ ಯಂತ್ರದ್ದು, ಚಿಟ್ಟೆಗಳೂ ಯಂತ್ರದವು. ನಿಜವಾದ ಹಣ್ಣುಗಳನ್ನು ಸಣ್ಣ ಮುಳ್ಳುಗಳಿಗೆ ಸಿಕ್ಕಿಸಿ ಎಲೆಗಳ ಮರೆಯಲ್ಲಿ ಇಟ್ಟಿರುತ್ತಿದ್ದರು. ಸಿಪ್ಪೆ ಸುಲಿದು ತಿಂದವನಿಗೆ ಉಳಿದದ್ದನ್ನು ಅನುಮಾನಿಸುವುದು ಕಷ್ಟವಾಗುತ್ತಿತ್ತು.

ಮರುವರ್ಷ, 1846ರಲ್ಲಿ, ಮಗ ಎಮಿಲ್ ವೇದಿಕೆ ಏರಿದ. ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ ಅಪ್ಪ ಪ್ರೇಕ್ಷಕರ ನಡುವೆ ನಡೆಯುತ್ತಿದ್ದ. ಯಾರೋ ಕೊಟ್ಟ ನಾಣ್ಯ, ನಶ್ಯದ ಡಬ್ಬಿ, ಗಡಿಯಾರ ಕೈಗೆತ್ತಿಕೊಂಡು ‘ಇದೇನು?’ ಎಂದರೆ ಹುಡುಗ ಅಲ್ಲಿಂದಲೇ ಹೇಳಿಬಿಡುತ್ತಿದ್ದ. ಪ್ರಶ್ನೆ ಕೇಳುವ ಮಾತುಗಳಲ್ಲೇ ಗುಪ್ತ ಸಂಕೇತವಿತ್ತು. ಪ್ರಶ್ನೆಯೇ ಕೇಳದೆ ಸುದ್ದಿ ಮುಟ್ಟಿಸುವ ದಾರಿಯನ್ನೂ ಆಮೇಲೆ ಕಂಡುಕೊಂಡರು. ಇದಕ್ಕೆ ನಡೆದ ತಾಲೀಮು ಸಾಮಾನ್ಯದ್ದಲ್ಲ. ಅಪ್ಪ ಮಗ ಇಬ್ಬರೂ ಅಂಗಡಿಗಳ ಮುಂದೆ ನಡೆದುಹೋಗುತ್ತ ಒಂದು ನೋಟ ಹರಿಸಿ, ಮುಂದೆ ಹೋಗಿ ನಿಂತು, ಕಂಡ ವಸ್ತುಗಳನ್ನೆಲ್ಲ ಕಾಗದದ ಮೇಲೆ ಬರೆದು ತಾಳೆ ನೋಡುತ್ತಿದ್ದರು. ಬರಬರುತ್ತ ಮಗ ಅಪ್ಪನನ್ನು ಮೀರಿಸಿದ.

1847ರಲ್ಲಿ ಪ್ಯಾರಿಸ್ಸಿನ ಬಾಯಲ್ಲೆಲ್ಲ ಈಥರ್‌ನದೇ ಮಾತು. ಅದನ್ನು ಮೂಸಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವುದನ್ನು ವೈದ್ಯರು ಆಗಷ್ಟೇ ಕಲಿತಿದ್ದರು. ಈಥರ್ ಮೂಸಿಸಿದರೆ ಮೈ ಹಗುರಾಗುತ್ತದೆ ಎಂದು ಹೂಡಿನ್ ಸಭೆಗೆ ಹೇಳಿ, ಇನ್ನೊಬ್ಬ ಮಗನ ಮೂಗಿಗೆ ಸೀಸೆ ಹಿಡಿಯುತ್ತಿದ್ದ. ಹುಡುಗ ಮಂಪರಿಗೆ ಜಾರಿದಂತಾದ ಮೇಲೆ ಕಾಲಡಿಯ ಮಣೆಯನ್ನು ಸರಿಸಿ, ಕೈಗಳಿಗೆ ಆಸರೆಯಾಗಿದ್ದ ಕೋಲುಗಳಲ್ಲಿ ಒಂದನ್ನೂ ತೆಗೆದು, ಮೈಯನ್ನು ಮೆಲ್ಲಗೆ ಅಡ್ಡಕ್ಕೆ ಎತ್ತಿದರೆ ಬಾಲಕ ಒಂದೇ ಕೋಲಿಗೆ ಮೊಣಕೈ ಊರಿ ಗಾಳಿಯಲ್ಲಿ ಮಲಗಿರುತ್ತಿದ್ದ. ಸೀಸೆಯಲ್ಲಿ ಏನೂ ಇರುತ್ತಿರಲಿಲ್ಲ. ಪಕ್ಕದ ಪರದೆಯ ಹಿಂದೆ ಒಬ್ಬರು ಕಾದ ಕಬ್ಬಿಣದ ಸಲಿಕೆಯ ಮೇಲೆ ನಿಜವಾದ ಈಥರ್ ಸುರಿಯುತ್ತಿದ್ದರು. ಆ ಚಿಕ್ಕ ಕೋಣೆಯಲ್ಲಿ ವಾಸನೆ ಮೂಗಿಗೆ ಬಡಿದೊಡನೆ ಜನ ನಂಬಿದರು. ಎಳೆಯ ಮಗುವನ್ನು ಹಿಂಸಿಸಬೇಡಿ ಎಂದು ಕಾಗದ ಬರೆದವರೂ ಉಂಟು.

ಈ ಆಟಕ್ಕೆ ದಕ್ಷಿಣ ಭಾರತದ ಹಿನ್ನೆಲೆಯೊಂದಿದೆ. 1830ರ ಆಸುಪಾಸಿನಲ್ಲಿ ಮದರಾಸಿನಲ್ಲಿ ಶೇಷಾಲ್ ಎಂದು ಇಂಗ್ಲಿಷರು ಕರೆದ ವೃದ್ಧನೊಬ್ಬ ಒಂದು ಕೋಲಿನ ಮೇಲೆ ಕೈಯಿಟ್ಟು ನೆಲದಿಂದ ಮೇಲೆ ಕೂತಿದ್ದನ್ನು ಕಂಡ ಇಂಗ್ಲಿಷರು ಬೆರಗಾಗಿದ್ದರು. ಅವನ ಚಿತ್ರ ಲಂಡನ್ನಿನ ಪತ್ರಿಕೆಯಲ್ಲೂ ಬಂತು. ಹೂಡಿನ್ ಕೊಟ್ಟದ್ದು ಹೊಸ ಕಾಲದ ವಿಜ್ಞಾನದ ಉಡುಪು. ಇದರಂತೆ ಆತನ ಹಲವು ಆಟಗಳು ಬೇರೆಯವರಿಂದ ಬಂದವೇ ಎಂದು ದೂರಿ, ಆತನ ಹೆಸರನ್ನೇ ಹಿಗ್ಗಿಸಿ ತನ್ನದಾಗಿಸಿಕೊಂಡಿದ್ದ ಅಮೆರಿಕದ ಹೂಡಿನಿ 1908ರಲ್ಲಿ ಒಂದು ಪುಸ್ತಕವನ್ನೇ ಬರೆದ. ದೂರಿನಲ್ಲಿ ಒಂದಷ್ಟು ಹುರುಳಿದೆ. ಆದರೂ ಹಳೆಯ ಆಟಕ್ಕೆ ಹೊಸ ಜೀವ ತುಂಬಿದ ಶ್ರೇಯಸ್ಸು ಹೂಡಿನ್‌ಗೇ ಸಲ್ಲಬೇಕು.

1848ರ ಕ್ರಾಂತಿ ಪ್ಯಾರಿಸ್ಸಿನ ರಂಗಮಂದಿರಗಳನ್ನು ಬರಿದು ಮಾಡಿದಾಗ ಆತ ಲಂಡನ್ನಿಗೆ ಹೋಗಿ ಆಡಿದ. 1850ರ ದಶಕದ ಆರಂಭದಲ್ಲಿ ಮಂದಿರವನ್ನು ಶಿಷ್ಯ ಹ್ಯಾಮಿಲ್ಟನ್ ಕೈಗೆ ಒಪ್ಪಿಸಿದ. ಅದು ಇಟಾಲಿಯನ್ ಬುಲೆವಾರ್‌ಗೆ ಸ್ಥಳಾಂತರವಾಯಿತು. 1871ರಲ್ಲಿ ಹೂಡಿನ್ ತೀರಿಕೊಂಡ ಮೇಲೂ ಆಟ ನಿಲ್ಲಲಿಲ್ಲ.

1888ರಲ್ಲಿ ಆ ಮಂದಿರವನ್ನು ಕೊಂಡವನು ಬೂಟು ತಯಾರಕರ ಮನೆಯ ಹುಡುಗ ಜಾರ್ಜ್ ಮೆಲಿಯೆಸ್. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸೋದರರು ಗ್ರ್ಯಾಂಡ್ ಕೆಫೆಯಲ್ಲಿ ತಮ್ಮ ಚಲನಚಿತ್ರ ತೋರಿಸಿದಾಗ ಆತ ಅಲ್ಲಿದ್ದ. ಆ ಯಂತ್ರವನ್ನು ಅವರು ಮಾರಲು ಒಪ್ಪದಿದ್ದಾಗ ಲಂಡನ್ನಿನಿಂದ ಬೇರೊಂದನ್ನು ತರಿಸಿ, 1896ರಲ್ಲೇ ತನ್ನ ಜಾದೂ ಮಂದಿರದಲ್ಲಿ ಚಿತ್ರ ತೋರಿಸತೊಡಗಿದ. ಅದೇ ವರ್ಷ ಆತ ತೆಗೆದ ಒಂದು ಕಿರುಚಿತ್ರದಲ್ಲಿ ಕುರ್ಚಿಯ ಮೇಲೆ ಕೂತ ಹೆಂಗಸು ಮಾಯವಾಗುತ್ತಾಳೆ. ವೇದಿಕೆಯಲ್ಲಾದರೆ ಈ ಆಟಕ್ಕೆ ನೆಲದಲ್ಲಿ ಕಳ್ಳಬಾಗಿಲು ಬೇಕು. ಅದಿಲ್ಲವೆಂದು ತೋರಿಸಲು ಜಾದೂಗಾರ ಮೊದಲು ಕುರ್ಚಿಯ ಕೆಳಗೆ ವೃತ್ತಪತ್ರಿಕೆ ಹಾಸುತ್ತಾನೆ. ಕ್ಯಾಮೆರಾ ನಿಲ್ಲಿಸಿ ಹೆಂಗಸನ್ನು ಎಬ್ಬಿಸಿ ಕಳಿಸಿದ ಮೆಲಿಯೆಸ್‌ಗೆ ಪತ್ರಿಕೆಯ ಅಗತ್ಯವೇ ಇರಲಿಲ್ಲ. ಆದರೂ ಹಾಸಿದ. ಅನುಮಾನದ ಕಣ್ಣುಗಳ ಎದುರು ಎಂಟು ವರ್ಷ ಆಡಿದವನ ಅಭ್ಯಾಸವದು. 1902ರ ಆತನ ಚಂದ್ರಯಾನದ ಚಿತ್ರದವರೆಗೆ, ಸಿನಿಮಾದ ಮಾಯಾಜಾಲದ ಮೊದಲ ಪಾಠಗಳು ಇದೇ ಪುಟ್ಟ ವೇದಿಕೆಯ ಮೇಲೆ ಸಾಣೆಗೊಂಡವು.

1920ರ ದಶಕದಲ್ಲಿ ರಸ್ತೆ ಅಗಲಿಸುವಾಗ ಕಟ್ಟಡವನ್ನು ಕೆಡವಿದರು. ಮೆಲಿಯೆಸ್ ಸಾಲದಲ್ಲಿ ಮುಳುಗಿ ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಮಾರುತ್ತಿದ್ದ. ಹೂಡಿನ್ ಹುಟ್ಟಿದ ಬ್ಲೋಆದಲ್ಲಿ, ರಾಜರ ಅರಮನೆಯ ಎದುರಿಗೇ, 1998ರಲ್ಲಿ ಜಾದೂ ವಸ್ತುಸಂಗ್ರಹಾಲಯ ತೆರೆಯಿತು. ಒಳಗೆ ಆತನ ಗಡಿಯಾರ, ಯಂತ್ರಗಳನ್ನು ನೋಡಬಹುದು. ಅಲ್ಲಿನ ಸಭಾಂಗಣದಲ್ಲಿ ಜಾದೂ ಪ್ರದರ್ಶನಗಳು ಇಂದಿಗೂ ನಡೆಯುತ್ತವೆ.