‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು: ಜೀರ್ಣೋದ್ಧಾರವೂ ಅನನ್ಯತೆಯೂ

(೧) ಪ್ರಸ್ತಾವನೆ

ಶಿಥಿಲವಾದ ಕಲ್ಲುಗಳನ್ನು ತೆಗೆದು ಹೊಸ ಕಲ್ಲುಗಳನ್ನಿಟ್ಟರೂ ದೇವಾಲಯವು ಅದೇ ದೇವಾಲಯವೆಂದೂ, ಸವೆದ ಓಲೆಗಳಿಂದ ಹೊಸ ಓಲೆಗಳಿಗೆ ಪ್ರತಿಮಾಡಿದರೂ ಗ್ರಂಥವು ಅದೇ ಗ್ರಂಥವೆಂದೂ ಲೋಕವು ವ್ಯವಹರಿಸುತ್ತದೆ. ಆದರೆ ಎಷ್ಟು ಕಲ್ಲುಗಳು ಹೋಗುವವರೆಗೆ ಅದು ‘ಅದೇ’ ಆಗಿರುತ್ತದೆ, ಯಾವ ಕಲ್ಲು ಹೋದಾಗ ‘ಬೇರೆ’ ಆಗುತ್ತದೆ ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಈ ಪ್ರಶ್ನೆಯು ೧೯೯೦ರಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯದ ಮುಂದೆ ಬಂದು ಅಲ್ಲಿ ನಿರ್ಣಯವನ್ನು ಪಡೆಯಿತು. ವಿವಾದಕ್ಕೆ ವಿಷಯವಾದದ್ದು ದೇವಾಲಯವೂ ಅಲ್ಲ, ಗ್ರಂಥವೂ ಅಲ್ಲ. ಪಂದ್ಯಗಳಲ್ಲಿ ಓಡಿದ ಒಂದು ಹಳೆಯ ಮೋಟಾರು ಕಾರು. ಹಳೆಯ ಕಾರುಗಳನ್ನು ಕೊಂಡು, ದುರಸ್ತುಮಾಡಿ, ಓಡಿಸುತ್ತ ಕಾಪಾಡುವುದು ಧನಿಕರ ವಿನೋದವೆಂದು ಸಾಮಾನ್ಯವಾಗಿ ಭಾವಿಸಲ್ಪಡುತ್ತದೆ. ಈ ಕಾರಿನ ಚರಿತ್ರೆಯನ್ನು ಪರಿಶೀಲಿಸಿದರೆ, ಆ ವಿನೋದದ ಒಡಲಿನಲ್ಲಿ ಚರಿತ್ರೆಯ ಪ್ರಾಮಾಣ್ಯವನ್ನು ಕುರಿತ ಗಂಭೀರವಾದ ಸಮಸ್ಯೆಯೊಂದು ಅಡಗಿರುವುದು ಗೋಚರವಾಗುತ್ತದೆ.

(೨) ಹವ್ಯಾಸದ ಉತ್ಪತ್ತಿ

೧೮೯೬ನೆಯ ನವೆಂಬರ್ ೧೪ರಂದು ಇಂಗ್ಲೆಂಡಿನಲ್ಲಿ ಹೊಸದೊಂದು ಕಾನೂನು ಜಾರಿಗೆ ಬಂದು, ಮೋಟಾರು ಬಂಡಿಯ ಮುಂದೆ ಒಬ್ಬ ಮನುಷ್ಯನು ನಡೆದುಹೋಗಬೇಕೆಂಬ ನಿರ್ಬಂಧವು ತೊಲಗಿತು. ಆ ದಿನ ಮೋಟಾರುಗಳ ಸಾಲೊಂದು ಲಂಡನ್ ನಗರದಿಂದ ಬ್ರೈಟನ್ ಪಟ್ಟಣಕ್ಕೆ ವಿಜಯಯಾತ್ರೆಯನ್ನು ಹೊರಟಿತು. ೧೯೨೭ರಲ್ಲಿ ಆ ಯಾತ್ರೆಯ ಸ್ಮರಣಾರ್ಥವಾಗಿ ಹಳೆಯ ಬಂಡಿಗಳನ್ನು ಅದೇ ದಾರಿಯಲ್ಲಿ ಮತ್ತೆ ಓಡಿಸಲಾಯಿತು. ೧೯೩೦ರಲ್ಲಿ ಅತಿ ಪ್ರಾಚೀನವಾದ ಮೋಟಾರುಗಳ ರಕ್ಷಣೆಗಾಗಿ ‘ವೆಟರನ್ ಕಾರ್ ಕ್ಲಬ್’ ಎಂಬ ಸಂಘವೂ, ೧೯೩೪ರಲ್ಲಿ ‘ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್’ ಎಂಬ ಮತ್ತೊಂದು ಸಂಘವೂ ಸ್ಥಾಪಿತವಾದವು.

ಈ ಎರಡನೆಯ ಸಂಘದ ಉದ್ದೇಶವು ಗಮನಾರ್ಹವಾದುದು. ೧೯೩೦ರ ಈಚೆಗೆ ಅಗ್ಗವಾಗಿಯೂ ವಿಪುಲವಾಗಿಯೂ ತಯಾರಾಗತೊಡಗಿದ ಕಾರುಗಳಲ್ಲಿ ಹಿಂದಿನ ಕರಕೌಶಲವು ಉಳಿಯಲಿಲ್ಲವೆಂಬುದು ಅದರ ಸದಸ್ಯರ ಮತವಾಗಿತ್ತು. ಆದುದರಿಂದ ೧೯೩೦ನೆಯ ಇಸವಿಯ ಅಂತ್ಯದೊಳಗೆ ನಿರ್ಮಿತವಾದುವುಗಳಿಗೆ ಮಾತ್ರ ಅವರು ‘ವಿಂಟೇಜ್’ ಎಂಬ ಹೆಸರನ್ನು ಸಲ್ಲಿಸಿದರು. ಮೂಲದಲ್ಲಿ ದ್ರಾಕ್ಷಿಯ ಕೊಯ್ಲನ್ನೂ, ಇಂಥ ವರ್ಷದ ದ್ರಾಕ್ಷಾರಸವೆಂಬುದನ್ನೂ ಸೂಚಿಸುತ್ತಿದ್ದ ಶಬ್ದವು ಹೀಗೆ ಮೋಟಾರಿಗೆ ಸಂಕ್ರಮಿಸಿತು. ಕೋಟಿಗಟ್ಟಲೆ ಬೆಲೆಯ ಮಾತು ಆಗ ಇರಲಿಲ್ಲ. ನಾಲ್ಕೈದು ವರ್ಷ ಹಳೆಯದಾದ ಕಾರನ್ನು ಮಿತವಾದ ಹಣಕ್ಕೆ ಕೊಂಡು ತಾವೇ ಬಿಚ್ಚಿ ಜೋಡಿಸಬಲ್ಲ ಸಾಮಾನ್ಯ ಗೃಹಸ್ಥರೇ ಈ ಹವ್ಯಾಸಕ್ಕೆ ಅಸ್ತಿಭಾರವನ್ನು ಹಾಕಿದರು.

(೩) ಬೆಂಟ್ಲಿ ಕಾರುಗಳ ರಚನೆ

ಇವರಿಂದ ಅತ್ಯಂತ ಆದರವನ್ನು ಪಡೆದ ಕಾರುಗಳಲ್ಲಿ ಬೆಂಟ್ಲಿಯೂ ಒಂದು. ಡಬ್ಲ್ಯು. ಓ. ಬೆಂಟ್ಲಿ ಎಂಬಾತನು ೧೯೧೯ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ಕೇವಲ ಹನ್ನೆರಡು ವರ್ಷ ಸ್ವತಂತ್ರವಾಗಿ ಬಾಳಿ, ೧೯೩೧ರಲ್ಲಿ ಸಾಲದ ಭಾರದಿಂದ ಕುಸಿದು ರೋಲ್ಸ್ ರಾಯ್ಸ್ ಸಂಸ್ಥೆಯ ವಶವಾಯಿತು. ಆ ಅಲ್ಪಕಾಲದಲ್ಲಿಯೇ, ಫ್ರಾನ್ಸ್ ದೇಶದ ಲ ಮಾನ್ ಎಂಬಲ್ಲಿ ೧೯೨೩ರಿಂದ ನಡೆದುಬಂದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಅದರ ಕಾರುಗಳು ೧೯೨೪, ೧೯೨೭, ೧೯೨೮, ೧೯೨೯, ೧೯೩೦ ಈ ಐದು ವರ್ಷಗಳಲ್ಲಿ ಜಯಗಳಿಸಿದವು. ೧೯೩೬ರಲ್ಲಿ ಬೆಂಟ್ಲಿ ಕಾರುಗಳನ್ನು ಉಳ್ಳವರು ತಮ್ಮದೇ ಆದ ಸಂಘವೊಂದನ್ನು ಕಟ್ಟಿಕೊಂಡರು.

ಪ್ರಕೃತ ವಿಚಾರಕ್ಕೆ ಈ ಕಾರುಗಳ ರಚನೆಯನ್ನು ಸ್ವಲ್ಪ ತಿಳಿಯುವುದು ಆವಶ್ಯಕ. ಕಾರ್ಖಾನೆಯಿಂದ ಹೊರಬೀಳುತ್ತಿದ್ದುದು ಪೂರ್ಣವಾದ ಕಾರಲ್ಲ. ಉಕ್ಕಿನ ಚೌಕಟ್ಟು, ಎಂಜಿನು, ಗೇರುಪೆಟ್ಟಿಗೆ, ಅಚ್ಚುಗಳು, ಚಕ್ರಗಳು ಇಷ್ಟು ಸೇರಿದ ‘ಚಾಸಿ’ ಮಾತ್ರ. ಅದರ ಮೇಲಿನ ಮೈಯನ್ನು ಗಿರಾಕಿಯ ಇಷ್ಟದಂತೆ ಬೇರೆ ಬಂಡಿಗಾರರು ಮರದ ಹಂದರಕ್ಕೆ ಬಟ್ಟೆಯನ್ನೋ ಲೋಹದ ತಗಡನ್ನೋ ಹೊದಿಸಿ ಕಟ್ಟುತ್ತಿದ್ದರು. ಹೀಗೆ ಆತ್ಮವೂ ಶರೀರವೂ ಬೇರೆಬೇರೆ ಮನೆಗಳಲ್ಲಿ ಹುಟ್ಟಿ ಒಂದಾದ ವಸ್ತುವಿದು. ಮೈಯ ಹಂದರದ ಮರವು ಕಾಲಕ್ರಮದಲ್ಲಿ ಲಡ್ಡಾಗುತ್ತದೆ, ಬಟ್ಟೆಯು ಹರಿಯುತ್ತದೆ. ಎಂಜಿನಿನಲ್ಲಿ ಸಿಲಿಂಡರುಗಳೂ ಅವುಗಳ ತಲೆಯೂ ಒಂದೇ ಎರಕದಲ್ಲಿರುವುದರಿಂದ ಕವಾಟಗಳನ್ನು ಅರೆದು ಕೂಡಿಸಬೇಕಾದರೂ ಇಡೀ ಎರಕವನ್ನೇ ಮೇಲಕ್ಕೆತ್ತಬೇಕು. ತಿರುಗುವ ದಂಡಗಳಿಗೆ ಆಧಾರವಾಗಿರುವ ಬಿಳಿಲೋಹದ ಬೇರಿಂಗುಗಳು ಸವೆದಾಗ ಲೋಹವನ್ನು ಕರಗಿಸಿ ಹೊಸದಾಗಿ ಹೊಯ್ಯಬೇಕು. ಗೇರು ಬದಲಿಸುವಾಗ ಹಲ್ಲುಗಳ ವೇಗವನ್ನು ಸಮಗೊಳಿಸುವ ಉಪಾಯವು ಪೆಟ್ಟಿಗೆಯೊಳಗೆ ಇಲ್ಲ. ನಡೆಸುವವನು ಕ್ಲಚ್ಚನ್ನು ಎರಡು ಸಲ ತುಳಿದು ತನ್ನ ಕಿವಿಯ ಅಳತೆಯಿಂದಲೇ ಹೊಂದಿಸಬೇಕು. ತಪ್ಪಿದರೆ ಹಲ್ಲುಗಳು ಸವೆಯುತ್ತವೆ.

ಇದರಿಂದ ಒಂದು ಅಂಶವು ಸಿದ್ಧವಾಗುತ್ತದೆ. ಇಂಥ ಕಾರನ್ನು ಓಡಿಸುವುದೆಂದರೆ ಸವೆಯಿಸುವುದು, ಕಾಪಾಡುವುದೆಂದರೆ ಬದಲಿಸುವುದು. ಏನನ್ನೂ ಬದಲಿಸದೆ ಉಳಿಸಬೇಕಾದರೆ ಅದನ್ನು ಓಡಿಸದೆ ನಿಲ್ಲಿಸಬೇಕು. ಓಡದೆ ನಿಂತ ಎಂಜಿನಿಗೆ ತುಕ್ಕು ಹಿಡಿಯುವುದು ಬೇರೆ. ಹವ್ಯಾಸಿಯ ಧರ್ಮಸಂಕಟವು ಇಲ್ಲಿಯೇ ಇದೆ.

(೪) ಓಲ್ಡ್ ನಂಬರ್ ಒನ್

‘ಸ್ಪೀಡ್ ಸಿಕ್ಸ್’ ಎಂಬುದು ಆರು ಸಿಲಿಂಡರುಗಳ, ಆರೂವರೆ ಲೀಟರು ಪ್ರಮಾಣದ ಬೆಂಟ್ಲಿ. ಈ ಜಾತಿಯ ಒಂದು ಕಾರು ೧೯೨೯ರಲ್ಲಿ ಬಾರ್ನಾಟೊ ಮತ್ತು ಬರ್ಕಿನ್ ಎಂಬುವರ ಕೈಯಲ್ಲಿಯೂ, ೧೯೩೦ರಲ್ಲಿ ಬಾರ್ನಾಟೊ ಮತ್ತು ಕಿಡ್‌ಸ್ಟನ್ ಎಂಬುವರ ಕೈಯಲ್ಲಿಯೂ ಲ ಮಾನ್ ಪಂದ್ಯವನ್ನು ಗೆದ್ದಿತು. ‘ಓಲ್ಡ್ ನಂಬರ್ ಒನ್’ ಎಂಬ ಬಿರುದು ಇದಕ್ಕೆ ಸಂದಿತು. ೧೯೩೧ರಲ್ಲಿ ಇದು ಇಂಗ್ಲೆಂಡಿನ ಬ್ರೂಕ್‌ಲೆಂಡ್ಸ್ ಎಂಬ ಓಟದ ಕಣದಲ್ಲಿ ಐನೂರು ಮೈಲಿಗಳ ಪಂದ್ಯವನ್ನೂ ಗೆದ್ದಿತು. ಮರುವರ್ಷಕ್ಕೆ ಅದರಲ್ಲಿ ಎಂಟು ಲೀಟರಿನ ಎಂಜಿನನ್ನು ಕೂಡಿಸಲಾಯಿತು. ೧೯೩೨ರ ಸೆಪ್ಟೆಂಬರಿನಲ್ಲಿ ಅದೇ ಪಂದ್ಯದಲ್ಲಿ ಓಡುತ್ತಿದ್ದಾಗ ಕಾರು ಕಣದ ಏರುದಂಡೆಯ ಅಂಚನ್ನು ದಾಟಿ ಹೊರಗೆ ಹಾರಿಬಿದ್ದು, ಅದನ್ನು ನಡೆಸುತ್ತಿದ್ದ ಕ್ಲೈವ್ ಡನ್‌ಫೀ ಎಂಬ ತರುಣನು ಮೃತನಾದನು. ನಜ್ಜುಗುಜ್ಜಾದ ಕಾರನ್ನು ಮತ್ತೆ ಜೋಡಿಸಿ, ಮುಚ್ಚುಮೈಯನ್ನು ಕಟ್ಟಿ, ರಸ್ತೆಯ ಮೇಲೆ ಓಡುವ ಕಾರನ್ನಾಗಿ ಮಾಡಲಾಯಿತು. ಬಹುಕಾಲದ ಮೇಲೆ ಅದರ ಒಡೆಯನೊಬ್ಬನು ಅದಕ್ಕೆ ಲ ಮಾನ್ ಪಂದ್ಯದ ಕಾಲದ ತೆರೆದ ಮೈಯನ್ನು ಹೋಲುವಂಥ ಹೊಸ ಮೈಯನ್ನು ಕಟ್ಟಿಸಿದನು.

೧೯೯೦ನೆಯ ಏಪ್ರಿಲಿನಲ್ಲಿ ಆ ಒಡೆಯನು ಕಾರನ್ನು ಒಂದು ಕೋಟಿ ಪೌಂಡುಗಳ ಬೆಲೆಗೆ ಮಾರಲು ಒಂದು ಸಂಸ್ಥೆಯೊಡನೆ ಒಡಂಬಡಿಕೆ ಮಾಡಿಕೊಂಡನು. ಅನಂತರ ಕೊಳ್ಳುವವರು, ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲವೆಂದು ಹೇಳಿ ಹಿಂಜರಿದರು. ಮಾರುವವನು ನ್ಯಾಯಾಲಯಕ್ಕೆ ಹೋದನು. ನ್ಯಾಯಮೂರ್ತಿ ಆಟನ್ ಅವರು ಕಾರಿನ ಒಂದೊಂದು ಅಂಗವನ್ನೂ ಕುರಿತು ಸಾಕ್ಷ್ಯವನ್ನು ಪರಿಶೀಲಿಸಿ ಕಂಡುಕೊಂಡದ್ದಿಷ್ಟು: ೧೯೨೯ರಲ್ಲಿ ಗೆದ್ದ ಕಾರಿನ ಭಾಗವೆಂದು ನಿಶ್ಚಯವಾಗಿ ಹೇಳಬಹುದಾದದ್ದು ಯಾವುದೂ ಉಳಿದಿಲ್ಲ, ೧೯೩೦ರ ಕಾರಿನಿಂದ ಪೆಡಲುಗಳ ದಂಡ, ಗೇರುಪೆಟ್ಟಿಗೆಯ ಕವಚ, ಸ್ಟೀರಿಂಗಿನ ಕಂಬ ಇಷ್ಟು ಮಾತ್ರ ಉಳಿದಿವೆ, ಚೌಕಟ್ಟು, ಎಂಜಿನು ಮೊದಲಾದ ಮುಖ್ಯಾಂಗಗಳು ೧೯೩೨ರಲ್ಲಿ ಅಪಘಾತಕ್ಕೆ ಸಿಕ್ಕಿದ ಕಾರಿನವು.

ಇಷ್ಟು ಕಂಡ ಮೇಲೆ ಕೊಳ್ಳುವವರ ಪಕ್ಷವೇ ಗೆಲ್ಲಬೇಕೆಂದು ತೋರುವುದು ಸಹಜ. ಆದರೆ ೧೯೯೦ರ ಜುಲೈ ೨೭ರ ತೀರ್ಪು ಮಾರುವವನ ಪರವಾಯಿತು. ‘ಮೂಲವಸ್ತು’ ಎಂಬ ಶಬ್ದವು ಇದಕ್ಕೆ ಸಲ್ಲದೆಂದು ನ್ಯಾಯಮೂರ್ತಿಗಳು ಒಪ್ಪಿದರು. ಆದರೂ ಅಂಗಗಳು ಒಂದೇ ಸಲಕ್ಕೆ ಬದಲಾಗದೆ ಕ್ರಮಕ್ರಮವಾಗಿ ಬದಲಾದುವೆಂದೂ, ಪ್ರತಿಯೊಂದು ಹೊಸ ಅಂಗವೂ ಇಡಿಯಲ್ಲಿ ಲೀನವಾಯಿತೆಂದೂ, ಯಾವ ಕಾಲದಲ್ಲಿಯೂ ಆ ಕಾರು ತನ್ನ ಹೆಸರನ್ನು ಕಳೆದುಕೊಳ್ಳಲಿಲ್ಲವೆಂದೂ, ಆ ಹೆಸರಿಗೆ ಹಕ್ಕುಹೂಡಬಲ್ಲ ಬೇರೊಂದು ಕಾರು ಇಲ್ಲವೆಂದೂ ಅವರು ನಿರ್ಣಯಿಸಿದರು. ಮಾರಾಟವಾದದ್ದು ಲೋಹ ಮಾತ್ರವಲ್ಲ, ಅದರ ಚರಿತ್ರೆಯೂ ಕೀರ್ತಿಯೂ ಎಂಬುದು ತೀರ್ಪಿನ ಸಾರ.

(೫) ಶಾಸ್ತ್ರದೃಷ್ಟಿ

ಈ ವಿವಾದದಲ್ಲಿ ಉಭಯಪಕ್ಷದವರೂ ಆಡಿದ ಮಾತುಗಳು ಸಂಸ್ಕೃತಶಾಸ್ತ್ರಗಳನ್ನು ಬಲ್ಲವರಿಗೆ ಅಪರಿಚಿತವೆನಿಸವು. ನ್ಯಾಯವೈಶೇಷಿಕರ ಮತದಲ್ಲಿ ಅವಯವಿಯು ಅವಯವಗಳಿಂದ ಬೇರೆಯಾದ ಒಂದು ವಸ್ತು. ವಸ್ತ್ರದಿಂದ ಒಂದು ನೂಲನ್ನು ಕಿತ್ತರೂ ಹಿಂದಿನ ಪಟವು ನಾಶವಾಗಿ ‘ಖಂಡಪಟ’ವೆಂಬ ಹೊಸ ಪಟವು ಹುಟ್ಟುತ್ತದೆ. ಈ ಮತವನ್ನು ಅನುಸರಿಸಿದರೆ ೧೯೨೯ರಲ್ಲಿ ಗೆದ್ದ ಕಾರು ಮೊದಲನೆಯ ದುರಸ್ತಿಯ ದಿನವೇ ಇಲ್ಲವಾಯಿತು. ಅಂದು ಕಂಡ ಕಾರೇ ಇದು ಎಂಬ ಪ್ರತ್ಯಭಿಜ್ಞೆಗೆ ಸಾದೃಶ್ಯವೇ ಕಾರಣ. ಕೊಳ್ಳುವವರ ಪಕ್ಷವು ಇದಕ್ಕೆ ಸಮೀಪವಾದುದು.

ಬೌದ್ಧರ ‘ಮಿಲಿಂದಪಞ್ಹ’ದಲ್ಲಿ ನಾಗಸೇನನು ಯವನರಾಜನಾದ ಮಿಲಿಂದನಿಗೆ ಬೋಧಿಸುವ ದೃಷ್ಟಾಂತವು ರಥವೇ ಆಗಿರುವುದು ಇಲ್ಲಿ ಸ್ಮರಣೀಯ. ಅಚ್ಚು ರಥವಲ್ಲ, ಚಕ್ರ ರಥವಲ್ಲ, ಮೂಕಿ ರಥವಲ್ಲ. ಇವುಗಳೆಲ್ಲ ಕೂಡಿದಾಗ ಆಗುವ ವ್ಯವಹಾರನಾಮವೇ ರಥ. ಅದೇ ಗ್ರಂಥದಲ್ಲಿ ರಾತ್ರಿಯೆಲ್ಲ ಉರಿಯುವ ದೀಪದ ದೃಷ್ಟಾಂತವೂ ಉಂಟು. ಮೊದಲ ಜಾವದ ಜ್ವಾಲೆಯೂ ಕಡೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ನಡುವೆ ಕಡಿಯದೆ ಬಂದ ಸಂತಾನವೊಂದೇ ಸತ್ಯ. ನ್ಯಾಯಮೂರ್ತಿಗಳ ತೀರ್ಪು ಈ ಸಂತಾನವಾದಕ್ಕೆ ಬಹಳ ಹತ್ತಿರವಾಗಿದೆ.

ಗ್ರೀಕರಲ್ಲಿಯೂ ಈ ಚರ್ಚೆಯು ನಡೆದಿತ್ತು. ಥೀಸಿಯಸ್ ಎಂಬ ವೀರನ ನಾವೆಯನ್ನು ಅಥೆನ್ಸಿನ ಜನರು ಕೊಳೆತ ಹಲಗೆಗಳನ್ನು ಬದಲಿಸುತ್ತ ಬಹುಕಾಲ ಕಾಪಾಡಿದರೆಂದೂ, ಅದು ಅದೇ ನಾವೆಯೋ ಅಲ್ಲವೋ ಎಂದು ತತ್ತ್ವಜ್ಞರು ವಾದಿಸುತ್ತಿದ್ದರೆಂದೂ ಪ್ಲುಟಾರ್ಕನು ಹೇಳಿರುವನು. ಹದಿನೇಳನೆಯ ಶತಮಾನದಲ್ಲಿ ಆಂಗ್ಲೇಯ ತತ್ತ್ವಜ್ಞನಾದ ಹಾಬ್ಸನು ಇದಕ್ಕೆ ಇನ್ನೊಂದು ಗಂಟನ್ನು ಹಾಕಿದನು: ತೆಗೆದೊಗೆದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಹಾಕಿ ಮತ್ತೊಂದು ನಾವೆಯನ್ನು ಕಟ್ಟಿದರೆ ಎರಡರಲ್ಲಿ ಯಾವುದು ಥೀಸಿಯಸನದು? ತತ್ತ್ವಜ್ಞನಿಗೆ ಇದು ಊಹೆ. ಹಳೆಯ ಕಾರುಗಳ ಲೋಕದಲ್ಲಿ ಇದು ವಾಸ್ತವ. ಒಂದರಿಂದ ತೆಗೆದ ಚೌಕಟ್ಟಿನ ಮೇಲೆ ಮತ್ತೊಂದು ಕಾರು ಎದ್ದು ನಿಂತು, ಎರಡೂ ಒಂದೇ ಹೆಸರನ್ನು ಹೇಳಿಕೊಳ್ಳುವ ಪ್ರಸಂಗಗಳು ಅಲ್ಲಿ ಉಂಟು. ಓಲ್ಡ್ ನಂಬರ್ ಒನ್ ಎಂಬ ಹೆಸರಿಗೆ ದಾಯಾದಿಯಿಲ್ಲವೆಂಬ ಅಂಶವು ತೀರ್ಪಿನಲ್ಲಿ ಏಕೆ ಅಷ್ಟು ಮುಖ್ಯವಾಯಿತೆಂಬುದು ಇದರಿಂದ ವಿಶದವಾಗುತ್ತದೆ.

(೬) ನಿಯಮಗಳು

ಹಾಗಾದರೆ ಎಷ್ಟು ಬದಲಾದರೂ ದೋಷವಿಲ್ಲವೇ ಎಂದರೆ, ಹಾಗಲ್ಲ. ಜಯಗಳಿಸಿದ ಬೆಂಟ್ಲಿಗಳ ಕೀರ್ತಿಯು ಬೆಳೆದಂತೆ, ಸೌಮ್ಯವಾದ ಮುಚ್ಚುಮೈಯಿದ್ದ ಅನೇಕ ಬೆಂಟ್ಲಿಗಳ ಮೈಗಳನ್ನು ಕಿತ್ತೊಗೆದು, ಕೆಲವುಗಳ ಚೌಕಟ್ಟನ್ನು ಕತ್ತರಿಸಿ ಗಿಡ್ಡಗೊಳಿಸಿ, ಲ ಮಾನ್ ಮಾದರಿಯ ತೆರೆದ ಮೈಗಳನ್ನು ಕಟ್ಟಲಾಯಿತು. ಎಂದೂ ಪಂದ್ಯವನ್ನು ಕಾಣದ ಕಾರು ಪಂದ್ಯವೀರನ ವೇಷವನ್ನು ತೊಟ್ಟಿತು. ಅದರ ನಿಜವಾದ ಚರಿತ್ರೆಯು ಅಳಿಸಿಹೋಯಿತು. ದುರಸ್ತಿಯ ಹೆಸರಿನಲ್ಲಿ ನಡೆದ ಈ ನಾಶವನ್ನು ಹಿಂದಕ್ಕೆ ತರಲಾಗದು.

ಇಂಥ ಅನರ್ಥಗಳನ್ನು ತಡೆಯುವ ಉದ್ದೇಶದಿಂದ, ೧೯೬೬ರಲ್ಲಿ ಸ್ಥಾಪಿತವಾದ ‘ಫೀವಾ’ ಎಂಬ ಅಂತರರಾಷ್ಟ್ರೀಯ ಪ್ರಾಚೀನವಾಹನ ಮಹಾಸಂಘವು ೧೯೬೪ರ ವೆನಿಸ್ ಶಾಸನವನ್ನು ಮಾದರಿಯಾಗಿಟ್ಟುಕೊಂಡು ೨೦೧೨ರಲ್ಲಿ ‘ಟ್ಯುರಿನ್ ಶಾಸನ’ವನ್ನು ಅಂಗೀಕರಿಸಿತು. ಸ್ಮಾರಕಗಳ ರಕ್ಷಣೆಗೆ ಹೇಳಿದ ವಿವೇಕವು ವಾಹನಗಳಿಗೂ ಹೀಗೆ ಅನ್ವಯಿಸಲ್ಪಟ್ಟಿತು. ಭಾರತದಲ್ಲಿ ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರಸರ್ಕಾರವು ಪ್ರಕಟಿಸಿದ ನಿಯಮಗಳಂತೆ, ಐವತ್ತು ವರ್ಷಗಳಿಗೆ ಮೀರಿದ, ಮೂಲರೂಪದಲ್ಲಿಯೇ ಇರುವ, ಚಾಸಿ, ಮೈ, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡು ಹೊಂದದ ವಾಹನವೇ ‘ವಿಂಟೇಜ್’. ಅದಕ್ಕೆ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕವಾದ ನೋಂದಣಿ. ಈ ಲಕ್ಷಣವನ್ನು ಅಕ್ಷರಶಃ ಅನ್ವಯಿಸಿದರೆ ಓಲ್ಡ್ ನಂಬರ್ ಒನ್ ಅದರೊಳಗೆ ಸೇರುವುದು ಸಂದೇಹ. ಮೂಲರೂಪವನ್ನು ಕೇಳುವ ನಿಯಮವೂ, ಸಂತಾನವನ್ನು ಕೇಳುವ ತೀರ್ಪೂ ಬೇರೆಬೇರೆ ಮಾನದಂಡಗಳೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

(೭) ಸಿದ್ಧಾಂತ

ಮೇಲ್ಕಂಡ ವಿಚಾರದಿಂದ ಫಲಿಸುವುದೇನೆಂದರೆ: ಓಡುವ ಕಾರಿಗೆ ದ್ರವ್ಯದ ಏಕತೆಯನ್ನು ಅಪೇಕ್ಷಿಸುವುದು ಅಸಾಧ್ಯವನ್ನು ಅಪೇಕ್ಷಿಸಿದಂತೆ, ಅದಕ್ಕೆ ಸಲ್ಲುವುದು ಸಂತಾನದ ಏಕತೆ. ಆದರೆ ಸಂತಾನವು ಕಣ್ಣಿಗೆ ಕಾಣುವ ವಸ್ತುವಲ್ಲ. ಅದಕ್ಕೆ ಲೇಖ್ಯವೇ ಪ್ರಮಾಣ. ಯಾವ ವರ್ಷದಲ್ಲಿ ಯಾವ ಅಂಗವು ಹೋಯಿತು, ಯಾವುದು ಬಂದಿತು ಎಂಬುದು ವಿಚಾರಣೆಯಲ್ಲಿ ತಿಳಿದುಬಂದುದರಿಂದಲೇ ಓಲ್ಡ್ ನಂಬರ್ ಒನ್ ತನ್ನ ಹೆಸರನ್ನು ಉಳಿಸಿಕೊಂಡಿತು. ಅಷ್ಟನ್ನೂ ಮರೆಮಾಚಿದ್ದರೆ ಅದೇ ಲೋಹ, ಅದೇ ರೂಪ, ಅದೇ ಓಟ ಇದ್ದರೂ ಅದು ಒಳ್ಳೆಯ ಅನುಕರಣವೆನಿಸುತ್ತಿತ್ತೇ ಹೊರತು ಬೇರೆಯಲ್ಲ.

ಗ್ರಂಥಸಂಪಾದಕನು ತ್ರುಟಿತವಾದ ಅಕ್ಷರಗಳನ್ನು ಊಹಿಸಿ ತುಂಬುವಾಗ ಅವನ್ನು ಕಂಸದೊಳಗಿಡುತ್ತಾನೆ. ಓದುಗನಿಗೆ ಯಾವುದು ಓಲೆಯದು, ಯಾವುದು ಸಂಪಾದಕನದು ಎಂದು ತಿಳಿಯುತ್ತದೆ. ಹಳೆಯ ಕಾರನ್ನು ಉಳ್ಳವನ ಧರ್ಮವೂ ಇದೇ. ತೆಗೆದ ಅಂಗವನ್ನು ಎಸೆಯದೆ ಇಡುವುದು, ಹಾಕಿದ ಅಂಗದ ಮೇಲೆ ವರ್ಷವನ್ನು ಕೆತ್ತುವುದು, ಪ್ರತಿಯೊಂದು ದುರಸ್ತಿಯನ್ನೂ ಪುಸ್ತಕದಲ್ಲಿ ಬರೆದಿಟ್ಟು ಕಾರಿನೊಡನೆ ಮುಂದಿನವನಿಗೆ ಒಪ್ಪಿಸುವುದು, ಇವು ಬಣ್ಣಕ್ಕಿಂತಲೂ ಹೊಳಪಿಗಿಂತಲೂ ಮೊದಲಿನವು. ಲೋಹವು ಸವೆಯುತ್ತದೆ, ಮರವು ಕೊಳೆಯುತ್ತದೆ, ಒಡೆಯನೂ ಬದಲಾಗುತ್ತಾನೆ. ಬರೆದಿಟ್ಟ ಸತ್ಯವು ಉಳಿದಿರುವವರೆಗೆ ಕಾರು ಅದೇ ಕಾರು.