ಕಪ್ಪು ವರ್ಣೀಯ ಕ್ರೀಡಾಪಟುಗಳ ಸಾಮಾಜಿಕ ಹೊಣೆಗಾರಿಕೆ

ಕಪ್ಪು ವರ್ಣೀಯ ಕ್ರೀಡಾಪಟುಗಳ ಸಾಮಾಜಿಕ ಹೊಣೆಗಾರಿಕೆಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 20ನೆಯ ಶತಮಾನದಿಂದ ನಡೆದುಬಂದಿರುವ ಒಂದು ಸಾರ್ವಜನಿಕ ಚರ್ಚೆ. ಕ್ರೀಡೆಯಿಂದ ಪ್ರಸಿದ್ಧರಾದ ಆಫ್ರಿಕನ್ ಅಮೆರಿಕನ್ನರು ಯುವಜನರಿಗೆ ಮಾದರಿಯಾಗಿರಬೇಕೇ, ಜನಾಂಗೀಯ ಅನ್ಯಾಯದ ವಿರುದ್ಧ ಬಹಿರಂಗವಾಗಿ ಮಾತನಾಡಬೇಕೇ ಎಂಬ ಎರಡು ಪ್ರಶ್ನೆಗಳು ಇದರಲ್ಲಿ ಅಡಕವಾಗಿವೆ. ಮೊದಲನೆಯದು ನಡತೆಗೂ ಎರಡನೆಯದು ನಿಲುವಿಗೂ ಸಂಬಂಧಿಸಿದ್ದು. ಇವೆರಡೂ ಹಲವು ಬಾರಿ ಪರಸ್ಪರ ವಿರುದ್ಧವಾಗಿ ನಿಂತಿವೆ: ಸಂಯಮದಿಂದ ಮೌನವಾಗಿದ್ದವರನ್ನು ಮಾದರಿಯೆಂದು ಕೊಂಡಾಡಲಾಯಿತು; ಮಾತನಾಡಿದವರು ತಮ್ಮ ಕಾಲದಲ್ಲಿ ಖಂಡನೆಗೆ ಗುರಿಯಾಗಿ, ದಶಕಗಳ ಬಳಿಕ ಗೌರವ ಪಡೆದರು.

ಹಿನ್ನೆಲೆ

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನದ ಪದಕಗಳನ್ನು ಗೆದ್ದರು. ಆದರೆ ಸ್ವದೇಶದಲ್ಲಿ ಜನಾಂಗೀಯ ಪ್ರತ್ಯೇಕತೆ ಹಾಗೆಯೇ ಮುಂದುವರಿಯಿತು. ಜೀವನೋಪಾಯಕ್ಕಾಗಿ ಅವರು ಕುದುರೆಗಳೊಂದಿಗೆ ಓಟದ ಪ್ರದರ್ಶನ ನೀಡಬೇಕಾಯಿತು.

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಆಡಿ, ಆಧುನಿಕ ಮೇಜರ್ ಲೀಗ್ ಬೇಸ್‌ಬಾಲ್‌ನ ವರ್ಣತಡೆಯನ್ನು ಮುರಿದರು. ನಿಂದನೆಗೆ ಪ್ರತ್ಯುತ್ತರ ನೀಡದೆ ಸಹಿಸಿಕೊಳ್ಳುವಂತೆ ತಂಡದ ಆಡಳಿತಗಾರ ಬ್ರ್ಯಾಂಚ್ ರಿಕಿ ಅವರನ್ನು ಮೊದಲೇ ಕೇಳಿಕೊಂಡಿದ್ದರು. ಹೀಗೆ ಸಹನೆಯೇ ಅವರ ಮಾದರಿತನದ ಷರತ್ತಾಯಿತು. ನಿವೃತ್ತಿಯ ನಂತರ ಅವರು ನಾಗರಿಕ ಹಕ್ಕುಗಳ ಚಳವಳಿಯಲ್ಲಿ ತೊಡಗಿಕೊಂಡರು. ರಾಷ್ಟ್ರಗೀತೆಗೆ ಎದ್ದುನಿಂತು ಹಾಡಲು ತಮ್ಮಿಂದಾಗದು ಎಂದು 1972ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದರು.

ಮುಹಮ್ಮದ್ ಅಲಿ

ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಮುಹಮ್ಮದ್ ಅಲಿ 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೇನಾ ಭರ್ತಿಯನ್ನು ನಿರಾಕರಿಸಿದರು. ವಿಯೆಟ್ನಾಂ ಯುದ್ಧದಲ್ಲಿ ಭಾಗವಹಿಸುವುದು ತಮ್ಮ ಧಾರ್ಮಿಕ ನಂಬಿಕೆಗೆ ವಿರುದ್ಧವೆಂಬುದು ಅವರ ವಾದವಾಗಿತ್ತು. ಅವರ ಪ್ರಶಸ್ತಿಯನ್ನೂ ಪರವಾನಗಿಯನ್ನೂ ಕಿತ್ತುಕೊಳ್ಳಲಾಯಿತು. ನ್ಯಾಯಾಲಯವು ಐದು ವರ್ಷಗಳ ಸೆರೆವಾಸ ಮತ್ತು 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿಯ ಕಾರಣ ಅವರು ಸೆರೆಮನೆಗೆ ಹೋಗಲಿಲ್ಲವಾದರೂ 25ರಿಂದ 28ರ ವಯಸ್ಸಿನ ನಡುವೆ, ಸುಮಾರು ಮೂರೂವರೆ ವರ್ಷಗಳ ಕಾಲ, ಕಣಕ್ಕಿಳಿಯಲಾಗಲಿಲ್ಲ. 1971ರ ಜೂನ್ 28ರಂದು ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ಕಳೆದುಹೋದ ಆ ವರ್ಷಗಳನ್ನು ಮರಳಿ ಕೊಡುವುದು ಯಾವ ತೀರ್ಪಿನಿಂದಲೂ ಸಾಧ್ಯವಿರಲಿಲ್ಲ.

1968ರ ಮೆಕ್ಸಿಕೊ ನಗರ ಒಲಿಂಪಿಕ್ಸ್

1968ರ ಅಕ್ಟೋಬರ್ 16ರಂದು ಟಾಮಿ ಸ್ಮಿತ್ 200 ಮೀಟರ್ ಓಟವನ್ನು 19.83 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಜಾನ್ ಕಾರ್ಲೋಸ್ ಮೂರನೆಯವರಾದರು. ಪದಕ ವೇದಿಕೆಯಲ್ಲಿ ರಾಷ್ಟ್ರಗೀತೆ ಮೊಳಗುತ್ತಿದ್ದಾಗ ಇಬ್ಬರೂ ತಲೆಬಾಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿದರು. ಇದ್ದದ್ದು ಒಂದೇ ಜೊತೆ ಕೈಗವಸಾದ್ದರಿಂದ ಸ್ಮಿತ್ ಬಲಗೈಯನ್ನೂ ಕಾರ್ಲೋಸ್ ಎಡಗೈಯನ್ನೂ ಎತ್ತಿದ್ದರು. ಪಾದರಕ್ಷೆಯಿಲ್ಲದೆ ಕಪ್ಪು ಕಾಲುಚೀಲದಲ್ಲಿ ನಿಂತದ್ದು ಕಪ್ಪು ಜನರ ಬಡತನದ ಸಂಕೇತವಾಗಿತ್ತು. ಎರಡನೆಯ ಸ್ಥಾನ ಪಡೆದಿದ್ದ ಆಸ್ಟ್ರೇಲಿಯದ ಬಿಳಿಯ ಓಟಗಾರ ಪೀಟರ್ ನಾರ್ಮನ್, ಸಮಾಜಶಾಸ್ತ್ರಜ್ಞ ಹ್ಯಾರಿ ಎಡ್ವರ್ಡ್ಸ್ ಸ್ಥಾಪಿಸಿದ್ದ 'ಮಾನವ ಹಕ್ಕುಗಳಿಗಾಗಿ ಒಲಿಂಪಿಕ್ ಯೋಜನೆ'ಯ ಲಾಂಛನವನ್ನು ಧರಿಸಿ ಬೆಂಬಲ ಸೂಚಿಸಿದರು.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಒತ್ತಡದಿಂದ ಸ್ಮಿತ್ ಮತ್ತು ಕಾರ್ಲೋಸರನ್ನು ಅಮೆರಿಕದ ತಂಡದಿಂದ ಅಮಾನತುಗೊಳಿಸಿ ಹೊರಗೆ ಕಳುಹಿಸಲಾಯಿತು. ಅವರ ಪದಕಗಳನ್ನು ಹಿಂಪಡೆಯಲಾಯಿತೆಂಬುದು ತಪ್ಪು ಕಲ್ಪನೆ. ಅವರೊಡನೆ ಮಾತನಾಡಲು ನಿಯೋಜಿತರಾದವರು ಜೆಸ್ಸಿ ಓವೆನ್ಸ್. ಅಂದು ಪ್ರತಿಭಟನೆಯನ್ನು ಒಪ್ಪದಿದ್ದ ಓವೆನ್ಸ್ 1972ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು.

'ಮಾದರಿಯಲ್ಲ' ಎಂಬ ನಿಲುವು

1990ರ ದಶಕದಲ್ಲಿ ಜಾಹೀರಾತು ಒಪ್ಪಂದಗಳಿಂದ ಕ್ರೀಡಾಪಟುಗಳ ಆದಾಯ ಅಪಾರವಾಗಿ ಬೆಳೆಯಿತು. ಬ್ಯಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಬಾರ್ಕ್ಲಿ 1993ರ ನೈಕಿ ಜಾಹೀರಾತೊಂದರಲ್ಲಿ, ತಾನು ಯಾರ ಮಾದರಿಯೂ ಅಲ್ಲ, ಮಕ್ಕಳಿಗೆ ಮಾದರಿಯಾಗಬೇಕಾದವರು ಹೆತ್ತವರು ಎಂದು ಹೇಳಿ ದೇಶವ್ಯಾಪಿ ಚರ್ಚೆಗೆ ಕಾರಣರಾದರು.

ಮೈಕಲ್ ಜೋರ್ಡನ್ 1990ರಲ್ಲಿ, ತಮ್ಮ ತವರು ರಾಜ್ಯವಾದ ನಾರ್ತ್ ಕೆರೊಲಿನದ ಸೆನೆಟ್ ಚುನಾವಣೆಯಲ್ಲಿ ಕಪ್ಪು ವರ್ಣೀಯ ಅಭ್ಯರ್ಥಿ ಹಾರ್ವಿ ಗ್ಯಾಂಟ್ ಅವರನ್ನು ಬಹಿರಂಗವಾಗಿ ಬೆಂಬಲಿಸಲಿಲ್ಲ. ರಿಪಬ್ಲಿಕನ್ನರೂ ಬೂಟು ಕೊಳ್ಳುತ್ತಾರೆ ಎಂಬ ಅರ್ಥದ ಅವರ ಮಾತು ಬಹುಕಾಲ ಟೀಕೆಗೊಳಗಾಯಿತು. ಅದು ಸಹ ಆಟಗಾರರ ನಡುವೆ ತಮಾಷೆಗೆ ಆಡಿದ್ದೆಂದೂ, ಗ್ಯಾಂಟ್ ಅವರಿಗೆ ತಾವು ದೇಣಿಗೆ ನೀಡಿದ್ದಾಗಿಯೂ ಅವರು 2020ರ ಸಾಕ್ಷ್ಯಚಿತ್ರವೊಂದರಲ್ಲಿ ತಿಳಿಸಿದರು.

2016ರ ನಂತರ

ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ 2016ರಲ್ಲಿ, ಪೊಲೀಸ್ ದೌರ್ಜನ್ಯವನ್ನು ವಿರೋಧಿಸಿ ರಾಷ್ಟ್ರಗೀತೆಯ ವೇಳೆ ಮೊದಲು ಕುಳಿತೇ ಇದ್ದರು. ನಂತರ ಮಾಜಿ ಸೈನಿಕ ನೇಟ್ ಬೋಯರ್ ಅವರೊಡನೆ ಚರ್ಚಿಸಿ, ಮಂಡಿಯೂರುವ ಕ್ರಮವನ್ನು ಆಯ್ದುಕೊಂಡರು. 2017ರಿಂದ ಯಾವ ತಂಡವೂ ಅವರನ್ನು ಸೇರಿಸಿಕೊಳ್ಳಲಿಲ್ಲ. ತಂಡಗಳು ಒಳಸಂಚು ನಡೆಸಿವೆಯೆಂದು ಅವರು ಸಲ್ಲಿಸಿದ ದೂರು 2019ರಲ್ಲಿ ರಾಜಿಯಲ್ಲಿ ಮುಗಿಯಿತು.

2018ರಲ್ಲಿ ಟಿ.ವಿ. ನಿರೂಪಕಿ ಲಾರಾ ಇಂಗ್ರಹಾಂ, ಬಾಯಿ ಮುಚ್ಚಿಕೊಂಡು ಚೆಂಡಾಡುವಂತೆ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಅವರಿಗೆ ಹೇಳಿದ್ದು ವಿವಾದವಾಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ, ಆಟಗಾರರ ಮಾತಿಗೆ ಮೊದಲೇ ಕಿವಿಗೊಡದಿದ್ದುದು ತಪ್ಪೆಂದು ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಮುಖ್ಯಸ್ಥ ರೋಜರ್ ಗುಡೆಲ್ ಒಪ್ಪಿಕೊಂಡರು. ಆದರೆ ಆ ಹೇಳಿಕೆಯಲ್ಲಿ ಕೆಪರ್ನಿಕ್ ಅವರ ಹೆಸರಿರಲಿಲ್ಲ. ಮಂಡಿಯೂರುವಿಕೆಯು ಇತರ ದೇಶಗಳಿಗೂ ಹಬ್ಬಿತು. 2021ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧದ ಪಂದ್ಯಕ್ಕೆ ಮುನ್ನ ಭಾರತದ ಕ್ರಿಕೆಟ್ ಆಟಗಾರರೂ ಮಂಡಿಯೂರಿದರು.

ವಾದ ಮತ್ತು ಪ್ರತಿವಾದ

ಮಾತನಾಡಬೇಕೆನ್ನುವವರ ಪ್ರಕಾರ, ಸಾಮಾನ್ಯ ನಾಗರಿಕನಿಗೆ ದೊರೆಯದ ಗಮನ ಖ್ಯಾತ ಆಟಗಾರನಿಗೆ ದೊರೆಯುತ್ತದೆ. ಇಂದಿನ ಆಟಗಾರರ ಅವಕಾಶಗಳು ಹಿಂದಿನವರ ಹೋರಾಟದ ಫಲವಾದ್ದರಿಂದ ಆ ಋಣವನ್ನು ತೀರಿಸುವುದು ಕರ್ತವ್ಯವೆಂಬುದೂ ಅವರ ವಾದ.

ವಿರೋಧಿಸುವವರಲ್ಲಿ ಎರಡು ಬಗೆಯವರಿದ್ದಾರೆ. ಕ್ರೀಡಾಂಗಣವು ರಾಜಕೀಯದಿಂದ ಮುಕ್ತವಾಗಿರಬೇಕೆಂಬುದು ಒಂದು ವರ್ಗದ ಅಭಿಪ್ರಾಯ. ಬಿಳಿಯ ಆಟಗಾರರ ಮೇಲೆ ಹೊರಿಸದ ಹೊರೆಯನ್ನು ಕಪ್ಪು ಆಟಗಾರರ ಮೇಲೆ ಮಾತ್ರ ಹೊರಿಸುವುದೂ ಒಂದು ಬಗೆಯ ತಾರತಮ್ಯವೆಂಬುದು ಇನ್ನೊಂದು ವರ್ಗದ ಆಕ್ಷೇಪ.

ಟೆನಿಸ್ ಆಟಗಾರ ಆರ್ಥರ್ ಆಶ್ ಈ ಚರ್ಚೆಗೆ ಬೇರೊಂದು ಆಯಾಮ ನೀಡಿದರು. 1975ರ ವಿಂಬಲ್ಡನ್ ವಿಜೇತರಾದ ಅವರು 1977ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೂಲಕ ಕಪ್ಪು ವರ್ಣೀಯ ಹೆತ್ತವರಿಗೆ ಬಹಿರಂಗ ಪತ್ರ ಬರೆದು, ವೃತ್ತಿಪರ ಆಟಗಾರರಾಗುವವರು ಅತಿ ವಿರಳವಾದ್ದರಿಂದ ಮಕ್ಕಳನ್ನು ಗ್ರಂಥಾಲಯಕ್ಕೆ ಕಳುಹಿಸುವಂತೆ ಕೋರಿದರು. ಹೀಗೆ ಕ್ರೀಡಾ ಯಶಸ್ಸನ್ನು ಏಕೈಕ ಮಾದರಿಯಾಗಿಸುವುದನ್ನು ವಿರೋಧಿಸಿದ ಅವರೇ, ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧ ಪ್ರತಿಭಟಿಸಿ 1985ರಲ್ಲಿ ಬಂಧನಕ್ಕೊಳಗಾದರು.

ನಂತರದ ಮನ್ನಣೆ

1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿ ಬೆಳಗಿಸುವ ಗೌರವ ಅಲಿಯವರಿಗೆ ದೊರೆಯಿತು. 2005ರಲ್ಲಿ ಅವರಿಗೆ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು. ಅದೇ ವರ್ಷ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯವು ತನ್ನ ಹಳೆಯ ವಿದ್ಯಾರ್ಥಿಗಳಾದ ಸ್ಮಿತ್ ಮತ್ತು ಕಾರ್ಲೋಸರ ಪ್ರತಿಮೆ ಸ್ಥಾಪಿಸಿತು. ಅದರಲ್ಲಿ ನಾರ್ಮನ್ ಅವರ ಸ್ಥಾನವನ್ನು ಖಾಲಿ ಬಿಡಲಾಗಿದ್ದು, ಸಂದರ್ಶಕರು ಅಲ್ಲಿ ನಿಲ್ಲಬಹುದಾಗಿದೆ. 2006ರಲ್ಲಿ ನಾರ್ಮನ್ ನಿಧನರಾದಾಗ ಸ್ಮಿತ್ ಮತ್ತು ಕಾರ್ಲೋಸ್ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. 2012ರಲ್ಲಿ ಆಸ್ಟ್ರೇಲಿಯದ ಸಂಸತ್ತು ನಾರ್ಮನ್ ಅವರ ಬಗ್ಗೆ ಮರಣೋತ್ತರವಾಗಿ ಕ್ಷಮೆ ಯಾಚಿಸಿತು.