ತರಬೇತಿ ಗಡುವು ತಪ್ಪಿದರೆ ವಕೀಲರ ಸನ್ನದು ಶಾಶ್ವತವಾಗಿ ರದ್ದಾಗುತ್ತದೆಯೇ?

ಹೇಳಿಕೆ: ಅಮೆರಿಕದಲ್ಲಿ ಕಡ್ಡಾಯ ಕಾನೂನು ತರಬೇತಿಯನ್ನು ಸಮಯಕ್ಕೆ ಮುಗಿಸದ ವಕೀಲರ ಸನ್ನದು ಶಾಶ್ವತವಾಗಿ ರದ್ದಾಗುತ್ತದೆ. ಭಾರತದಲ್ಲೂ ಇದೇ ನಿಯಮವಿದೆ.

ವಾಸ್ತವ: ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು.

ನಿಯಮ ಏನು?
ಸನ್ನದು ಸಿಕ್ಕ ಮೇಲೂ ವಕೀಲರು ಕಲಿಯುತ್ತಿರಬೇಕು ಎಂದು ಅಮೆರಿಕದಲ್ಲಿ ಮೊದಲು ಕಡ್ಡಾಯ ಮಾಡಿದ್ದು ಮಿನ್ನೆಸೋಟ ರಾಜ್ಯ, 1975ರಲ್ಲಿ. ಇಡೀ ದೇಶಕ್ಕೆ ಒಂದೇ ನಿಯಮವಿಲ್ಲ. ನ್ಯೂಯಾರ್ಕ್‌ನಲ್ಲಿ ಅನುಭವಿ ವಕೀಲರಿಗೆ 2 ವರ್ಷಕ್ಕೆ 24 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 3 ವರ್ಷಕ್ಕೆ 25 ಗಂಟೆ ತರಬೇತಿ ಆಗಬೇಕು.

ಗಡುವು ತಪ್ಪಿದರೆ?
ಕ್ಯಾಲಿಫೋರ್ನಿಯಾದ ಉದಾಹರಣೆ ನೋಡಿ. ಮೊದಲು ನೋಟಿಸ್ ಮತ್ತು ದಂಡ ಶುಲ್ಕ. ಆಗಲೂ ಗಂಟೆಗಳನ್ನು ಪೂರೈಸದಿದ್ದರೆ ವಕೀಲರ ಹೆಸರು 'ನಿಷ್ಕ್ರಿಯ' ಪಟ್ಟಿಗೆ ಹೋಗುತ್ತದೆ. ಆ ಅವಧಿಯಲ್ಲಿ ಅವರು ಕೋರ್ಟಿನಲ್ಲಿ ವಾದಿಸುವಂತಿಲ್ಲ, ಕಾನೂನು ಸಲಹೆಯನ್ನೂ ಕೊಡುವಂತಿಲ್ಲ. ಕೊಟ್ಟರೆ ಅದು ಅಪರಾಧ. ಆದರೆ ಸನ್ನದು ಹೋಗುವುದಿಲ್ಲ. ಬಾಕಿ ತರಬೇತಿ ಮುಗಿಸಿ ಶುಲ್ಕ ಕಟ್ಟಿದರೆ ಮತ್ತೆ ವೃತ್ತಿಗೆ ಮರಳಬಹುದು.

ತರಬೇತಿ ಪಡೆಯದೆಯೇ 'ಮುಗಿಸಿದ್ದೇನೆ' ಎಂದು ಬರೆದುಕೊಡುವುದು ಇದಕ್ಕಿಂತ ದೊಡ್ಡ ತಪ್ಪು. ಇಂಥ ಘೋಷಣೆಗಳನ್ನು ಸ್ಟೇಟ್ ಬಾರ್ ಆಯ್ದು ಪರಿಶೀಲಿಸುತ್ತದೆ. ಸುಳ್ಳು ಹೇಳಿದ್ದು ಗೊತ್ತಾದರೆ ಶಿಸ್ತುಕ್ರಮ ಎದುರಿಸಬೇಕಾಗುತ್ತದೆ.

ಭಾರತದಲ್ಲಿ?
1961ರ ವಕೀಲರ ಕಾಯ್ದೆಯಲ್ಲಿ ಇಂತಿಷ್ಟು ಗಂಟೆ ತರಬೇತಿ ಪಡೆಯಲೇಬೇಕು ಎಂಬ ನಿಯಮವಿಲ್ಲ. ಜನ ಇದರೊಂದಿಗೆ ಬೆರೆಸಿಕೊಳ್ಳುವುದು ಅಖಿಲ ಭಾರತ ವಕೀಲರ ಪರೀಕ್ಷೆಯನ್ನು. ಅದು ಹೊಸದಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ. ತಾತ್ಕಾಲಿಕ ನೋಂದಣಿಯಾದ 2 ವರ್ಷದೊಳಗೆ ಪಾಸಾಗಬೇಕು. ಆಗದಿದ್ದರೆ ಪಾಸಾಗುವವರೆಗೆ ವಕೀಲಿ ಮಾಡುವಂತಿಲ್ಲ. ಈ ಪರೀಕ್ಷೆ ನಡೆಸುವ ಅಧಿಕಾರ ಭಾರತೀಯ ವಕೀಲರ ಪರಿಷತ್ತಿಗೆ ಇದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಿಮಗೇಕೆ ಇದು ಮುಖ್ಯ?
ನಿಷ್ಕ್ರಿಯ ಪಟ್ಟಿಯಲ್ಲಿರುವ ವಕೀಲರಿಗೆ ಕೇಸು ಒಪ್ಪಿಸಿದರೆ ಹಣವೂ ಸಮಯವೂ ಹಾಳು. ಕ್ಯಾಲಿಫೋರ್ನಿಯಾದಲ್ಲಿ ಬಂಧುಗಳಿದ್ದರೆ ಅವರಿಗೆ ತಿಳಿಸಿ: ಸ್ಟೇಟ್ ಬಾರ್ ವೆಬ್‌ಸೈಟಿನಲ್ಲಿ ವಕೀಲರ ಹೆಸರು ಹಾಕಿದರೆ ಅವರ ಸ್ಥಿತಿ ಉಚಿತವಾಗಿ ಗೊತ್ತಾಗುತ್ತದೆ. 'ನಿಷ್ಕ್ರಿಯ' ಎಂದು ಕಂಡ ಮಾತ್ರಕ್ಕೆ ವಂಚಕರು ಎಂದುಕೊಳ್ಳಬೇಡಿ. ಸ್ವಇಚ್ಛೆಯಿಂದ ವೃತ್ತಿಗೆ ಬಿಡುವು ಕೊಟ್ಟವರೂ ಆ ಪಟ್ಟಿಯಲ್ಲಿರುತ್ತಾರೆ. ಆದರೆ ಫೀಸು ಕೊಡುವ ಮೊದಲು ಕಾರಣ ಕೇಳಿ.